ವೈಫಲ್ಯ ದಾಖಲಿಸುವ ಲ್ಯಾಂಬ್ಡಾ: ಪರೀಕ್ಷೆಗೆ ಸ್ಯಾಮ್ ಇರಲೋ, ಲೋಕಲ್‌ಸ್ಟ್ಯಾಕ್ ಇರಲೋ?

ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನಲ್ಲಿ, ಸರ್ವರ್ ನೋಡಿಕೊಳ್ಳುವ ಗೋಜಿಲ್ಲದೆ ಕೋಡ್ ಓಡಿಸುವ ಸೌಲಭ್ಯ ಲ್ಯಾಂಬ್ಡಾ; ಅಲ್ಲಿಯ ಒಂದು ಡೇಟಾಬೇಸ್ ಡೈನಮೋಡಿಬಿ. ವಿಫಲವಾದ ಕೆಲಸಗಳ ವಿವರವನ್ನು ಡೈನಮೋಡಿಬಿ ಟೇಬಲ್ಲಿನಲ್ಲಿ ಬರೆದಿಡುವ ಲ್ಯಾಂಬ್ಡಾ ಫಂಕ್ಷನ್ನನ್ನು ಸ್ವಂತ ಕಂಪ್ಯೂಟರಿನಲ್ಲಿ ಪರೀಕ್ಷಿಸಲು ಎರಡು ಸಾಧನಗಳಿವೆ: ಎಡಬ್ಲ್ಯೂಎಸ್‌ನದೇ ಆದ ಸ್ಯಾಮ್, ಮತ್ತು ಎಡಬ್ಲ್ಯೂಎಸ್ ಸೇವೆಗಳನ್ನು ಅನುಕರಿಸುವ ಲೋಕಲ್‌ಸ್ಟ್ಯಾಕ್. ಎರಡಕ್ಕೂ ಡಾಕರ್‌ನಂಥ, ಪ್ರೋಗ್ರಾಮುಗಳನ್ನು ಪ್ರತ್ಯೇಕ ಕಂಟೇನರಿನಲ್ಲಿ ಓಡಿಸುವ ತಂತ್ರಾಂಶ ಬೇಕು. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಸ್ಯಾಮ್, ಜೆಸನ್ ಕಡತದಲ್ಲಿ ಕೊಟ್ಟ ಇವೆಂಟಿನೊಂದಿಗೆ (ಫಂಕ್ಷನ್ನಿಗೆ ಕೊಡುವ ಮಾಹಿತಿ) ಫಂಕ್ಷನ್ನನ್ನು ಒಮ್ಮೆ ಓಡಿಸುತ್ತದೆಯೇ ಹೊರತು ಟೇಬಲ್ಲನ್ನು ಒದಗಿಸುವುದಿಲ್ಲ. ಎಂಡ್‌ಪಾಯಿಂಟ್ (ಕೋಡ್ ಸಂಪರ್ಕಿಸುವ ಸೇವೆಯ ವಿಳಾಸ) ಬದಲಿಸಲು ಮರೆತರೆ ಪರೀಕ್ಷೆಯ ಕಸವೆಲ್ಲ ನಿಜವಾದ ಖಾತೆಗೇ ಹೋಗಿ ಬೀಳಬಹುದು. ಅಸಿಂಕ್ರೋನಸ್ (ಉತ್ತರಕ್ಕೆ ಕಾಯದ) ಕರೆ ವಿಫಲವಾದಾಗ ಲ್ಯಾಂಬ್ಡಾ ಡೀಫಾಲ್ಟ್ ಆಗಿ ಮಾಡುವ ಇನ್ನೂ 2 ಪ್ರಯತ್ನಗಳೂ ಸ್ಯಾಮ್‌ನಲ್ಲಿ ಕಾಣಸಿಗವು. ಲೋಕಲ್‌ಸ್ಟ್ಯಾಕ್ ಆದರೋ 4566ನೇ ಪೋರ್ಟಿನಲ್ಲಿ ಡೈನಮೋಡಿಬಿಯನ್ನೂ ಅನುಕರಿಸುವುದರಿಂದ, ದಾಖಲೆ ನಿಜಕ್ಕೂ ಸೇರಿತೇ ಎಂದು ತೆರೆದು ನೋಡಬಹುದು. ಬರೀ ಕೋಡಿನ ತರ್ಕಕ್ಕೆ ಸ್ಯಾಮ್ ಸಾಕು. ದಾಖಲಾತಿಗೆ ನನ್ನ ಆಯ್ಕೆ ಲೋಕಲ್‌ಸ್ಟ್ಯಾಕ್. ಆದರೆ ಐಎಎಂ (ಯಾರು ಏನು ಮಾಡಬಹುದೆಂದು ನಿರ್ಧರಿಸುವ ಎಡಬ್ಲ್ಯೂಎಸ್ ವ್ಯವಸ್ಥೆ) ಅನುಮತಿಗಳನ್ನು ಅದು ಡೀಫಾಲ್ಟ್ ಆಗಿ ಜಾರಿಗೊಳಿಸದ ಕಾರಣ, ಬರೆಯುವ ಅನುಮತಿಯನ್ನು ನಿಜವಾದ ಖಾತೆಯಲ್ಲೇ ಪರೀಕ್ಷಿಸಬೇಕಾಗುತ್ತದೆ.