ಹಾಸನದಲ್ಲಿ "ವಿಆರ್ ಫಿಟ್ನೆಸ್" ಅಂತ ದುಡ್ಡು ಕಟ್ಟೋಕೆ ಮುಂಚೆ ದಯವಿಟ್ಟು ಇದನ್ನ ಓದಿ

ಹಾಸನದವರು, ಅದರಲ್ಲೂ ಮನೇಲಿ ಶುಗರ್ರು ಬಿಪಿ ಇರೋರಿಗೆ ಎಕ್ಸರ್‌ಸೈಜ್ ಮಾಡಿಸ್ಬೇಕು ಅಂತ ನೋಡ್ತಿರೋರು ದಯವಿಟ್ಟು ಪೂರ್ತಿ ಓದಿ. ಊರಲ್ಲಿ ಈಗ "ಆಟ ಆಡ್ತಾ ತೂಕ ಇಳಿಸಿ, ವಿಆರ್ ಫಿಟ್ನೆಸ್" ಅಂತ ಬೋರ್ಡ್ ಹಾಕಿರೋ ಒಂದು ಜಾಗಕ್ಕೆ ನಾನೂ ನಮ್ಮ ನಾದಿನಿನೂ ಸೇರಿ 16,000 ರೂಪಾಯಿ ಕಟ್ಟಿದ್ವಿ, ಮೂರು ತಿಂಗಳ ಪ್ಯಾಕೇಜು. ವಿಆರ್ ಅಂದ್ರೆ ಕಣ್ಣಿಗೆ ಹೆಡ್‌ಸೆಟ್ ಕಟ್ಕೊಂಡು, ಅದರೊಳಗೆ ಕಾಣೋ ಜಗತ್ತಲ್ಲಿ ಆಡೋದು. ದುಡ್ಡು ಕಟ್ಟೋಕೆ ಮುಂಚೆ ತೋರಿಸಿದ್ದು ಒಂದು, ಕಟ್ಟಿದ ಮೇಲೆ ಕೊಟ್ಟಿದ್ದು ಇನ್ನೊಂದು. ಹೆಸರು ಬರೀತಾ ಇಲ್ಲ, ಯಾಕೆ ಅಂತ ಕೆಳಗೆ ಹೇಳ್ತೀನಿ.

ನಂಗೆ ಶುಗರ್ ಬಾರ್ಡರಲ್ಲಿದೆ, ವಾರಕ್ಕೆ ಕಮ್ಮಿ ಅಂದ್ರೂ 150 ನಿಮಿಷ ಮೈ ಬೆವರೋ ಹಾಗೆ ನಡೀಬೇಕು ಅಂತ ಡಾಕ್ಟರು ಹೇಳಿದ್ರು. ಮಹಾರಾಜ ಪಾರ್ಕಲ್ಲಿ ವಾಕಿಂಗ್ ಮಾಡ್ತಿದ್ದೆ, ಆದ್ರೆ ನಮ್ಮೂರ ಆಷಾಢದ ಮಳೆ ನಿಮಗೆ ಹೇಳ್ಬೇಕಾ, ಹಿಡಿದ್ರೆ ಬಿಡಲ್ಲ. ಆಗಲೇ ಈ ಜಾಗದ್ದು ಪಾಂಪ್ಲೆಟ್ ಪೇಪರ್ ಜೊತೆ ಬಂತು, ಒಂದು ಸಲ ಫ್ರೀ ಡೆಮೋ ಅಂತ.

ಡೆಮೋ ನಿಜವಾಗ್ಲೂ ಚೆನ್ನಾಗಿತ್ತು, ಅದನ್ನ ಮುಚ್ಚಿಡಲ್ಲ. ಬಿಳೀ ಹೆಡ್‌ಸೆಟ್ಟು, ಎರಡು ಕೈಗೂ ರಿಂಗ್ ಇರೋ ಕಂಟ್ರೋಲರ್ರು. ಹಾಡಿನ ತಾಳಕ್ಕೆ ಎದುರಿಂದ ಡಬ್ಬಗಳು ಬರ್ತವೆ, ಕತ್ತಿ ಬೀಸಿ ಅವನ್ನ ಕಡೀಬೇಕು, ಅಡ್ಡ ಗೋಡೆ ಬಂದ್ರೆ ಕೂತು ತಪ್ಪಿಸ್ಕೋಬೇಕು. ಬೀಟ್ ಸೇಬರ್ ಅಂತ ಅದರ ಹೆಸ್ರು. ಎರಡೇ ಹಾಡಿಗೆ ಬ್ಲೌಸ್ ಬೆನ್ನು ಒದ್ದೆ ಆಗಿತ್ತು, ತೊಡೆ ಹಿಡ್ಕೊಂಡಿತ್ತು, ಮನಸ್ಸಿಗೂ ಎಷ್ಟೋ ವರ್ಷದ ಮೇಲೆ ಆಟ ಆಡಿದ ಖುಷಿ. ಅದನ್ನ ನೋಡೇ ನಾನು ನಾದಿನಿಗೆ ಫೋನ್ ಮಾಡಿ ಕರೆಸ್ದೆ, ಸ್ಕೂಲಲ್ಲಿ ನನ್ನ ಜೊತೆ ಕೆಲಸ ಮಾಡೋ ಇನ್ನೊಬ್ರು ಮೇಡಂಗೂ ಹೇಳ್ದೆ, ಅವ್ರೂ ಕಟ್ಟಿದ್ರು. ಕೌಂಟರಲ್ಲಿದ್ದವರು "ಫ್ಯಾಮಿಲಿ ಪ್ಯಾಕ್ ತಗೊಳಿ ಮೇಡಂ, ಇವತ್ತೇ ಕಟ್ಟಿದ್ರೆ ಎರಡು ಸಾವಿರ ಆಫ್" ಅಂತ ಅಲ್ಲೇ ಫೋನ್‌ಪೇ ಮಾಡಿಸ್ಕೊಂಡ್ರು.

ಆಮೇಲೆ ಆ ಬಿಳೀ ಹೆಡ್‌ಸೆಟ್ಟು ನಮ್ಮ ಕೈಗೆ ಸಿಗ್ಲೇ ಇಲ್ಲ. ಒಂದು ಸಲಾನೂ ಸಿಗ್ಲಿಲ್ಲ. ಮೊದಲನೇ ದಿನಾನೇ "ಮೇಡಂ ಅದು ಸರ್ವಿಸ್‌ಗೆ ಬೆಂಗ್ಳೂರಿಗೆ ಹೋಗಿದೆ, ಮುಂದಿನ ವಾರ ಬಂದ್ಬಿಡತ್ತೆ, ಅಲ್ಲೀತನಕ ಇದರಲ್ಲಿ ಮಾಡಿ" ಅಂತ ಒಂದು ಕರೀ ಡಬ್ಬ ಕೊಟ್ರು. ಮುಂದಿನ ವಾರ ಕೇಳಿದ್ರೆ ಮತ್ತೆ ಮುಂದಿನ ವಾರ. ಆದ್ರೆ ಹೊಸಬರು ಡೆಮೋಗೆ ಬಂದ್ರೆ ಒಳಗಿನ ರೂಮಿಂದ ಅದೇ ಬಿಳೀದು ಬರತ್ತೆ! ಕಣ್ಣೆದುರಿಗೇ ಬರತ್ತೆ. ನಾನು "ಬಂದಿದ್ಯಲ್ಲ, ಕೊಡಿ" ಅಂದ್ರೆ "ಅದು ಡೆಮೋ ಪೀಸ್ ಮೇಡಂ, ಮೆಂಬರ್ಸ್‌ಗೆ ಬೇರೆ."

ಕರೀ ಡಬ್ಬ ಅಂದ್ರೆ ಏನು ಗೊತ್ತಾ, ಪ್ಲಾಸ್ಟಿಕ್ ಕನ್ನಡಕ, ಮುಂದುಗಡೆ ಮುಚ್ಚಳ ತೆಗೆದು ಮೊಬೈಲ್ ಸಿಕ್ಕಿಸೋದು. ಅದು ಮೊಬೈಲ್ ಅಂತ ನಂಗೆ ಗೊತ್ತಾಗಿದ್ದು ಹೇಗೆ ಅಂದ್ರೆ, ಬಾಕ್ಸಿಂಗ್ ಅಂತ ಹಾಕಿ ನಿಲ್ಲಿಸಿದ್ರು, ಕೈ ಬೀಸ್ತಾ ಇದೀನಿ, ಎದುರಿಗಿರೋನ ಮುಖದ ಮೇಲೆ ಯಾರದ್ದೋ ಕಾಲ್ ಬಂತು, ಹಸಿರು ಬಟನ್ನು ಕೆಂಪು ಬಟನ್ನು ಸಮೇತ. ಅಲ್ಲಿ ಕೆಲಸ ಮಾಡೋ ಹುಡುಗನ ಸ್ವಂತ ಫೋನು ಅದು. ಬಂದು ಮುಚ್ಚಳ ತೆಗೆದು ಮಾತಾಡ್ಕೊಂಡು ಬಂದು ವಾಪಸ್ ಸಿಕ್ಕಿಸ್ದ, ಫೋನು ಕಾದ ಹಂಚಿನ ಹಾಗಿತ್ತು, ಹಣೆಗೆ ಬಿಸಿ ತಾಗ್ತಿತ್ತು. ಕೈ ಬೀಸಿದ್ರೂ ಒಂದೇ ಬೀಸದಿದ್ರೂ ಒಂದೇ, ಎದುರಿಗಿರೋನು ತನ್ನ ಪಾಡಿಗೆ ಬೀಳ್ತಾನೆ ಏಳ್ತಾನೆ. ಕೇಳಿದ್ದಕ್ಕೆ "ನೀವು ಕೈ ಬೀಸ್ತಾ ಇರಿ ಮೇಡಂ, ಎಕ್ಸರ್‌ಸೈಜ್ ಆಗತ್ತಲ್ಲ" ಅಂದ. ಕೈ ಬೀಸೋಕೆ ನಂಗೆ ನಿಮ್ಮ ಡಬ್ಬ ಯಾಕಪ್ಪ ಬೇಕು, ಮನೇಲಿ ಸುಮ್ನೆ ನಿಂತು ಬೀಸಲ್ವಾ.

ಮುಖಕ್ಕೆ ತಾಗೋ ಫೋಮು ಇದ್ಯಲ್ಲ, ಅದರಲ್ಲಿ ಯಾರದ್ದೋ ಕುಂಕುಮ ಅಂಟಿತ್ತು. ಕೆಂಪಗೆ, ಇನ್ನೂ ಹಸಿ. ಪೌಡರ್ ವಾಸನೆ, ಬೆವರ ವಾಸನೆ. ಒರೆಸಿ ಕೊಡಿ ಅಂದ್ರೆ ಅದೇ ಬಟ್ಟೇಲಿ ಎಲ್ಲರದ್ದೂ ಒರೆಸೋದು. ನಾದಿನಿಗೆ ಕಣ್ಣಿನ ಸುತ್ತ ಕೆಂಪಗೆ ದದ್ದು ಎದ್ದು ಮುಲಾಮು ಹಚ್ಕೊಂಡು ಓಡಾಡ್ಬೇಕಾಯ್ತು. ಫೋಮಿನ ವಿಷಯ ಸಣ್ಣದಲ್ಲ, ದೊಡ್ಡ ಕಂಪನಿಯ ಕ್ವೆಸ್ಟ್ 2 ಹೆಡ್‌ಸೆಟ್ಟಿನ ಫೋಮಿಂದಾನೇ ಕೆಲವರಿಗೆ ಚರ್ಮಕ್ಕೆ ತೊಂದ್ರೆ ಆಗಿ 2021ರಲ್ಲಿ ಕಂಪನಿಯವ್ರು ಸಿಲಿಕೋನ್ ಕವರ್ ಕೊಡ್ಬೇಕಾಯ್ತು. ಇಲ್ಲಿ ಕವರೂ ಇಲ್ಲ ಏನೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಇದನ್ನ ನೆನೆಸ್ಕೊಂಡ್ರೆ ಈಗಲೂ ಮೈ ಉರಿಯತ್ತೆ. "ವಿಆರ್ ಸೈಕ್ಲಿಂಗ್" ಅಂತ ಇನ್ನೊಂದು. ಜಿಮ್ ಸೈಕಲ್ ಮೇಲೆ ಕೂರ್ಸಿ ಅದೇ ಡಬ್ಬ ಕಟ್ತಾರೆ, ಒಳಗೆ ಯಾವುದೋ ವಿದೇಶದ ಬೆಟ್ಟದ ರಸ್ತೆ, ಮೂಲೇಲಿ ಕ್ಯಾಲರಿ ನಂಬರ್ ಏರ್ತಾ ಇರತ್ತೆ. ನಾನು ಆ ನಂಬರ್ ನೋಡಿ ಎಷ್ಟು ಸಂತೋಷ ಪಡ್ತಿದ್ದೆ ಅಂದ್ರೆ ಮನೇಲಿ ಡೈರಿಗೆ ಬರೆದಿಡ್ತಿದ್ದೆ, ಡಾಕ್ಟರಿಗೆ ತೋರಿಸೋಣ ಅಂತ. ಒಂದಿನ ಮಂಡಿ ಚುಳುಕ್ ಅಂತು, ಪೆಡಲ್ ನಿಲ್ಸಿದೆ. ರಸ್ತೆ ಓಡ್ತಾನೇ ಇದೆ. ಕಾಲು ಪೂರ್ತಿ ತೆಗೆದು ಕೆಳಗಿಟ್ಟೆ. ರಸ್ತೆ ಓಡ್ತಾ ಇದೆ, ತಿರುವಲ್ಲಿ ತಿರುಗ್ತಾ ಇದೆ, ಕ್ಯಾಲರಿ ಏರ್ತಾ ಇದೆ. 112, 113, 114. ನಾನು ಸುಮ್ನೆ ಕೂತಿದೀನಿ, ಉಸಿರು ಹಿಡ್ಕೊಂಡು ಕೂತಿದೀನಿ, ಅದು 120 ಆಯ್ತು. ಸೈಕಲ್ಲಿಗೂ ಅದಕ್ಕೂ ಸಂಬಂಧಾನೇ ಇಲ್ಲ! ಗಡಿಯಾರದ ಥರ ಟೈಮ್ ಓಡ್ಸಿ ಅದಕ್ಕೆ ಕ್ಯಾಲರಿ ಅಂತ ಹೆಸರಿಟ್ಟಿದಾರೆ. ಆಗಲೇ ಹೊಳೀತು, ಸೇರ್ಕೊಂಡಾಗಿಂದ ನನ್ನ ತೂಕ ಎಷ್ಟು ಅಂತ ಒಬ್ರೂ ಕೇಳಿಲ್ಲ, ಎದೆ ಬಡಿತ ನೋಡೋಕೆ ಕೈಗೆ ಒಂದು ಪಟ್ಟಿ ಕಟ್ಟಿಲ್ಲ. ತೂಕ ಗೊತ್ತಿಲ್ಲದೆ ಕ್ಯಾಲರಿ ಲೆಕ್ಕ ಎಲ್ಲಿಂದ ಬಂತು? ಪಕ್ಕದ ಸೈಕಲ್ಲಲ್ಲಿ ನಾದಿನಿ ಏದುಸಿರು ಬಿಡ್ತಾ ತುಳೀತಾ ಇದಾಳೆ ಪಾಪ, ಅವಳು ನನಗಿಂತ ಇಪ್ಪತ್ತು ಕೆಜಿ ಜಾಸ್ತಿ, ಅವಳಿಗೂ ನನ್ನಷ್ಟೇ ನಂಬರ್ರು. ಅಷ್ಟು ಜನರೆದುರಿಗೆ ಕಣ್ಣಲ್ಲಿ ನೀರು ಬಂದ್ಬಿಡ್ತು ಕಣ್ರೀ. ನಾನು ದಿನಾ ಬರೀತಿದ್ದ ಆ ಡೈರಿ ನೆನಪಾಗಿ.

ಹುಡುಗನ್ನ ಕರೆದು ತೋರಿಸ್ದೆ. ಅವನು ಅಂದಿದ್ದು, "ಅದು ಆವರೇಜ್ ಕ್ಯಾಲರಿ ಮೇಡಂ, ಎಐ ಲೆಕ್ಕ ಹಾಕತ್ತೆ." ಓನರ್ರನ್ನ ಕರೆಸಿ ಅಂದೆ. ಅವ್ರು ಬಂದು "ನೋಡಿ ಮೇಡಂ, ಅದೂ ವಿಆರೇ ಇದೂ ವಿಆರೇ, ಬೋರ್ಡಲ್ಲಿ ನಾವು ವಿಆರ್ ಅಂತ ತಾನೇ ಹಾಕಿರೋದು" ಅಂದ್ರು. ತಲೆ ಸುತ್ತತ್ತೆ, ವಾಂತಿ ಬರೋ ಹಾಗಾಗತ್ತೆ ಅಂತ ಹೇಳಿದ್ದಕ್ಕೆ "ನಿಮಗೆ ವಯಸ್ಸಾಯ್ತಲ್ಲ ಅದಕ್ಕೆ, ಹುಡುಗರು ಯಾರೂ ಕಂಪ್ಲೇಂಟ್ ಮಾಡಿಲ್ಲ." ಜನರೆದುರಿಗೆ ಹೀಗಂದ್ರು! ಅಲ್ಲಿದ್ದ ಒಂದಿಬ್ರು ಕಾಲೇಜ್ ಹುಡುಗರು ನಕ್ಕಿದ್ದು ಕೇಳಿಸ್ತು.

ತಲೆ ಸುತ್ತೋದು ವಯಸ್ಸಿಂದಲ್ಲ ಅಂತ ಆಮೇಲೆ ಬೆಂಗ್ಳೂರಲ್ಲಿರೋ ನಮ್ಮಣ್ಣನ ಮಗ ಬಿಡಿಸಿ ಹೇಳ್ದ, ಅವನ ಹತ್ರ ಒರಿಜಿನಲ್ ಕ್ವೆಸ್ಟ್ ಇದೆ. "ಅತ್ತೆ, ಮೊಬೈಲ್ ಡಬ್ಬಕ್ಕೆ ನೀವು ತಲೆ ಆ ಕಡೆ ಈ ಕಡೆ ತಿರುಗಿಸಿದ್ದು ಮಾತ್ರ ಗೊತ್ತಾಗತ್ತೆ. ಮುಂದೆ ಹೆಜ್ಜೆ ಇಟ್ರಿ, ಬಗ್ಗಿದ್ರಿ, ಕೂತ್ರಿ, ಅದೇನೂ ಗೊತ್ತಾಗಲ್ಲ. ಒರಿಜಿನಲ್ಲಿಗೆ ಹೊರಗಡೆ ಕ್ಯಾಮೆರಾ ಇರತ್ತೆ, ರೂಮಲ್ಲಿ ನೀವೆಲ್ಲಿದೀರಿ ಅಂತ ಅಳೀತಾ ಇರತ್ತೆ" ಅಂದ. ಕಣ್ಣು ಓಡ್ತಿದೀವಿ ಅನ್ನತ್ತೆ, ಕಿವಿಯೊಳಗಿನ ಬ್ಯಾಲೆನ್ಸ್ ಸುಮ್ನೆ ಕೂತಿದೀವಿ ಅನ್ನತ್ತೆ, ಎರಡೂ ತಾಳೆ ಆಗದೆ ಹೊಟ್ಟೆ ತೊಳೆಸೋದು, ಯಾವ ವಯಸ್ಸಿನವರಿಗೂ ಆಗಬಹುದು ಅಂತೆ. ಒರಿಜಿನಲ್ಲಲ್ಲಿ ಗಡಿ ಗೆರೆ ಹಾಕ್ಕೊಂಡು ಆಡೋದು, ಗೋಡೆ ಹತ್ರ ಹೋದ್ರೆ ಜಾಲರಿ ಥರ ಕಾಣಿಸಿ ಎಚ್ಚರಿಸತ್ತೆ. ಡಬ್ಬದಲ್ಲಿ ಅದ್ಯಾವುದೂ ಇಲ್ಲ. ನಮ್ಮ ನಾದಿನಿ ಮೊಣಕೈನ ಕಂಬಕ್ಕೆ ಹೊಡ್ಕೊಂಡಿದ್ದು ಇದಕ್ಕೇ.

ಇನ್ನೊಂದು, "ಲೇಟೆಸ್ಟ್ ಮೋಷನ್ ಗೇಮ್ ಝೋನ್" ಅಂತ ಟಿವಿ ಮುಂದೆ ಕುಣಿಸ್ತಾರಲ್ಲ, ಅದು ಕೈನೆಕ್ಟು, ಮೈ ಅಲುಗಾಟ ನೋಡಿ ಆಟ ಆಡಿಸೋ ಕ್ಯಾಮೆರಾ. 2010ರಲ್ಲಿ ಬಂದಿದ್ದು, 2017ಕ್ಕೆ ತಯಾರಿಸೋದೇ ನಿಲ್ಸಿದಾರೆ. ಹಳೇದು ಅಂತ ನನಗೇನೂ ಬೇಜಾರಿಲ್ಲ, ಚೆನ್ನಾಗಿ ಓಡಿದ್ರೆ ಮೈ ಬೆವರತ್ತೆ. ಆದ್ರೆ ಅದರ ಎದುರು ಆರಡಿ ದೂರ ನಿಲ್ಬೇಕು, ಇಬ್ರು ಆಡೋದಾದ್ರೆ ಎಂಟಡಿ. ಇವರ ರೂಮಲ್ಲಿ ಟಿವಿಯಿಂದ ಹಿಂದಿನ ಗೋಡೆಗೇ ಅಷ್ಟಿಲ್ಲ, ಕಾಲು ಕ್ಯಾಮೆರಾಗೆ ಕಾಣಲ್ಲ, ಹಾರಿದ್ರೂ ಲೆಕ್ಕಕ್ಕಿಲ್ಲ.

ರಿಫಂಡ್ ಕೇಳ್ದೆ. ವಾಟ್ಸಾಪಲ್ಲಿ ಬಂದ ಉತ್ತರಗಳು ಇವು. ಮೊದಲು "ಬಿಲ್ ಹಿಂದುಗಡೆ ಓದಿ ಮೇಡಂ." ಹಿಂದುಗಡೆ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ "ಉಪಕರಣಗಳು ಲಭ್ಯತೆಗೆ ಅನುಗುಣವಾಗಿ, ಹಣ ಹಿಂತಿರುಗಿಸಲಾಗುವುದಿಲ್ಲ." ಎರಡನೇದು "ದುಡ್ಡಿನ ಬದಲು ಒಂದು ತಿಂಗಳು ಎಕ್ಸ್‌ಟ್ರಾ ಕೊಡ್ತೀವಿ." ಅದೇ ಡಬ್ಬದಲ್ಲಿ ಇನ್ನೊಂದು ತಿಂಗಳು! ನಾನು ಒಪ್ಪಲ್ಲ, ಎಲ್ರಿಗೂ ಗೊತ್ತಾಗೋ ಹಾಗೆ ಬರೀತೀನಿ ಅಂದ ಮೇಲೆ "ಬರೀರಿ, ಮಾನನಷ್ಟ ಕೇಸ್ ಹಾಕ್ತೀವಿ." ಅದಾದ್ಮೇಲೆ ಬ್ಲಾಕ್. ನಾದಿನಿ ನಂಬರಿಂದ ಮಾಡಿದ್ರೆ ಅದೂ ಬ್ಲಾಕ್. ದುಡ್ಡು ತಗೊಳೋವಾಗ ಅಕ್ಕ ಅಕ್ಕ ಅಂತಿದ್ರು.

ನಮ್ಮ ಪರಿಚಯದ ಲಾಯರ್ರು ಕಂಪ್ಲೇಂಟ್ ಮುಗಿಯೋತನಕ ಹೆಸರು ಬರೀಬೇಡಿ ಅಂದಿದಾರೆ, ಅದಕ್ಕೇ ಬರ್ದಿಲ್ಲ. ನಾನು 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಾಗಿದೆ, ಗ್ರಾಹಕರ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡ್ತಾರೆ. ಮುಂದೆ ನಮ್ಮ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತಿದೀನಿ, 5 ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಫೀಸೇ ಇಲ್ಲ. ಬಿಲ್ಲಲ್ಲಿ "ಹಣ ವಾಪಸ್ ಇಲ್ಲ" ಅಂತ ಪ್ರಿಂಟ್ ಹಾಕ್ಬಿಟ್ರೆ ಎಲ್ಲಾ ಮುಗೀತು ಅಂತ ಇವ್ರು ಅಂದ್ಕೊಂಡಿದಾರೆ, ಒಂದು ತೋರಿಸಿ ಇನ್ನೊಂದು ಕೊಟ್ಟಿದ್ದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಅಂತ ಲಾಯರ್ರು ಹೇಳಿದ್ರು.

ನೀವು ಇಂಥಾ ಕಡೆ ಹೋದ್ರೆ ಹೆಡ್‌ಸೆಟ್ ಹಾಕ್ಕೊಂಡು ಒಂದು ಸಲ ಕೂತು ಏಳಿ. ನೀವು ಕೂತಾಗ ಒಳಗಿನ ನೋಟಾನೂ ಕೆಳಗಿಳೀಬೇಕು, ಇಳೀಲಿಲ್ಲ ಅಂದ್ರೆ ಎದ್ದು ಬನ್ನಿ. ಸೈಕಲ್ ಆದ್ರೆ ಪೆಡಲ್ ನಿಲ್ಸಿ ನೋಡಿ. ಯಾವ ಮಾಡೆಲ್ಲು ಅಂತ ಬಿಲ್ಲಲ್ಲೇ ಬರೆಸಿ, ಬರೆಯಲ್ಲ ಅಂದ್ರೆ ದುಡ್ಡು ಕಟ್ಬೇಡಿ. ಒಟ್ಟಿಗೆ ಮೂರು ತಿಂಗಳದ್ದಂತೂ ಕಟ್ಲೇಬೇಡಿ, "ಇವತ್ತೇ ಆಫರ್" ಅಂದ್ರೆ ಅಲ್ಲಿಂದ ಮೊದಲು ಹೊರಗೆ ಬನ್ನಿ. ನಿಮ್ಮದೇ ಮುಖದ ಕವರ್ ತಗೊಂಡು ಹೋಗಿ.

ಇದೇ ಜಾಗಕ್ಕೆ ಕಟ್ಟಿರೋರು ಇನ್ನೂ ಇದೀರಿ ಅಂತ ನಂಗೆ ಗೊತ್ತು, ಸಂಜೆ ಬ್ಯಾಚಲ್ಲಿ ಮುಖ ನೋಡಿದೀನಿ. ಬಿಲ್ಲು, ಪೇಮೆಂಟ್ ಮಾಡಿದ ಸ್ಕ್ರೀನ್‌ಶಾಟು, ಆ ಪಾಂಪ್ಲೆಟ್ಟು ಮೂರನ್ನೂ ಎತ್ತಿಟ್ಕೊಳ್ಳಿ, ಪಾಂಪ್ಲೆಟ್ಟಲ್ಲಿ ಬಿಳೀ ಹೆಡ್‌ಸೆಟ್ ಫೋಟೋನೇ ಇದೆ, ಅದು ಬೇಕಾಗತ್ತೆ. ನಂಗೆ ಮೆಸೇಜ್ ಮಾಡಿ, ದೂರು ಒಟ್ಟಿಗೆ ಕೊಡೋಣ.