ಗುಡ್ಡದ ಟವರಿನಿಂದ ಮನೆಗೆ ಇಂಟರ್‌ನೆಟ್: ಕೆಲವು ಮಳೆಗಾಲ ಬಳಸಿದ ಮೇಲೆ

ನಮ್ಮದು ಸಿರ್ಸಿ ಕಡೆಯ ಹಳ್ಳಿ. ಫೈಬರ್ ಡಾಂಬರು ರಸ್ತೆಯವರೆಗೆ ಬಂದು ನಿಂತಿದೆ. ಅಲ್ಲಿಂದ ತೋಟದ ಮನೆಗೆ ಕೇಬಲ್ ಎಳೆದರೂ ಆಷಾಢದ ಗಾಳಿಗೆ ಮರ ಬಿದ್ದು ಹರಿಯುವುದು ತಪ್ಪುವುದಿಲ್ಲ. ಹಾಗಾಗಿ ಪೇಟೆಯ ಸಣ್ಣ ಕಂಪನಿಯೊಂದರ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಹಾಕಿಸಿದೆವು. ಎದುರು ಗುಡ್ಡದ ಮೇಲೆ ಅವರ ಟವರ್, ನಮ್ಮ ಮಾಡಿನ ಮೇಲೆ ಜಿಐ ಪೈಪಿಗೆ ಬಿಗಿದ ಊಟದ ತಟ್ಟೆಯಷ್ಟಗಲದ ಡಿಶ್.

30 ಎಂಬಿಪಿಎಸ್ ಪ್ಲಾನ್. ಬೆಳಿಗ್ಗೆ ಪೂರ್ತಿ ಸಿಗುತ್ತದೆ, ರಾತ್ರಿ ಊಟದ ಹೊತ್ತಿಗೆ ಅರ್ಧಕ್ಕಿಳಿಯುತ್ತದೆ. ಮಗಳ ಆಫೀಸ್ ಮೀಟಿಂಗಿಗೆ ಅಷ್ಟು ಸಾಕು.

ಎಲ್ಲರೂ ಕೇಳುವುದು ಮಳೆಯ ಬಗ್ಗೆ. ಆರಿದ್ರಾ, ಪುನರ್ವಸು ಮಳೆ ಧೋ ಎಂದು ಹೊಡೆಯುವಾಗಲೂ ನೆಟ್ ನಡೆದಿದೆ. ಇದು 5 ಗಿಗಾಹರ್ಟ್ಸ್ ತರಂಗ, ಮಳೆಹನಿಗೆ ಹೆಚ್ಚು ಬಗ್ಗುವುದಿಲ್ಲ. ಬಗ್ಗುವುದು ಒದ್ದೆ ಸೊಪ್ಪಿಗೆ. ಡಿಶ್ಶಿಗೆ ಟವರ್ ಕಂಡರಷ್ಟೇ ಸಾಲದು, ಆ ಗೆರೆಯ ಸುತ್ತಲೂ ಬಯಲಿರಬೇಕು. ಟವರ್ ನಾಲ್ಕು ಕಿಲೋಮೀಟರ್ ದೂರವಿದ್ದರೆ ನಟ್ಟನಡುವೆ ಆ ಗೆರೆಯಿಂದ ಎಲ್ಲ ದಿಕ್ಕಿಗೂ ಸುಮಾರು 7 ಮೀಟರ್ ತನಕ ಆದಷ್ಟು ಬಯಲಿರಬೇಕು! ನಮ್ಮ ಬೇಲಿಯ ಮತ್ತಿಮರ ಚಿಗುರಿ ಒಂದು ಕೊಂಬೆ ಅಡ್ಡ ಬಂದಾಗ ಸಿಗ್ನಲ್ ಮೈನಸ್ 62ರಿಂದ ಮೈನಸ್ 78 ಡಿಬಿಎಂಗೆ ಕುಸಿಯಿತು (ಇದು ಸಿಗ್ನಲ್ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕಡಿಮೆ). ಕೊಂಬೆ ಕಡಿಸಿದ ಸಂಜೆಯೇ ಸರಿಹೋಯಿತು.

ನಿಜವಾದ ಶತ್ರು ಸಿಡಿಲು. ಭರಣಿ ಮತ್ತು ಚಿತ್ತಾ ಮಳೆಯ ಮೋಡ ಕಟ್ಟಿದೊಡನೆ, ಗುಡುಗು ಶುರುವಾಗುವ ಮುಂಚೆಯೇ ಅಡಾಪ್ಟರ್ ಪ್ಲಗ್ಗನ್ನೂ ಡಿಶ್ಶಿನಿಂದ ಇಳಿದ ಕೇಬಲ್ಲನ್ನೂ ಕಿತ್ತಿಡಬೇಕು. ಪ್ಲಗ್ ಮಾತ್ರ ಕಿತ್ತರೆ ಸಿಡಿಲು ಕೇಬಲ್ಲಿನ ಮೂಲಕ ಬಂದು ರೌಟರನ್ನು ಸುಡುತ್ತದೆ. ಸಿಡಿಲಿಗೆ ವಾರಂಟಿ ಇಲ್ಲ, ಹಾಕಿಸುವಾಗ ಇದನ್ನು ಯಾರೂ ಹೇಳುವುದೂ ಇಲ್ಲ.

ನನ್ನ ದೊಡ್ಡ ತಕರಾರು ಕರೆಂಟಿನದು. ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಗುಡ್ಡದ ಟವರಿನ ಬ್ಯಾಟರಿ ಅರ್ಧ ದಿನವೂ ತಾಳುವುದಿಲ್ಲ. ಲೈನ್ ಬಿದ್ದು ಎರಡು ದಿನ ಕತ್ತಲಾದರೆ ನೆಟ್ಟೂ ಅಷ್ಟು ದಿನ ಇಲ್ಲ. ಫೋನ್ ಮಾಡಿದರೆ "ಈಗ ಬರ್ತದೆ ಮಾರಾಯ್ರೇ" ಅನ್ನುತ್ತಾರೆ. ಜನರೇಟರ್ ಹೊತ್ತು ಗುಡ್ಡ ಹತ್ತುವ ಹುಡುಗರ ಕಷ್ಟ ಗೊತ್ತು, ಆದರೂ ತಿಂಗಳ ಬಿಲ್ಲಿನಲ್ಲಿ ಆ ದಿನಗಳನ್ನು ಕಳೆಯಬೇಕಲ್ಲ!

ಉಪಗ್ರಹದಿಂದ ಬರುವ ಇಂಟರ್‌ನೆಟ್ಟಿಗೆ ಕಾಯಬಹುದೇ ಎಂದು ನೆಂಟರು ಕೇಳುತ್ತಿರುತ್ತಾರೆ. ಹಳೇ ಮಾದರಿಯ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿರುವುದರಿಂದ ಕೇಳಿದ್ದಕ್ಕೆ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ, ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿಬಿಡುತ್ತಾರೆ. ಇಲಾನ್ ಮಸ್ಕ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿವೆ, ಆ ತೊಂದರೆ ಇಲ್ಲ. 2025ರ ಜೂನ್‌ನಲ್ಲಿ ಅದಕ್ಕೆ ಭಾರತದ ಲೈಸೆನ್ಸ್ ಸಿಕ್ಕಿತು. ಗುಡ್ಡದ ಟವರ್ ಕಾಣದ ಮನೆಗಳಿಗೆ ಅದೇ ದಾರಿ. ಆದರೆ ಅದಕ್ಕೂ ತಲೆಯ ಮೇಲೆ ಅಗಲವಾದ ಬಯಲು ಆಕಾಶ ಬೇಕು, ಸುತ್ತ ಅಡಿಕೆ ಮರ ಒತ್ತಿಕೊಂಡ ಮನೆಯವರು ಅಂಗಳದಲ್ಲಿ ನಿಂತು ಒಮ್ಮೆ ಮೇಲೆ ನೋಡಿಕೊಳ್ಳಲಿ.

ಟವರ್ ಕಾಣುವವರು ಧೈರ್ಯವಾಗಿ ವೈರ್‌ಲೆಸ್ ಹಾಕಿಸಬಹುದು. ದುಡ್ಡು ಕೊಡುವ ಮುಂಚೆ ಡಿಶ್ ತಂದು ಮಾಡಿನ ಮೇಲೆ ಹಿಡಿದು ಸಿಗ್ನಲ್ ತೋರಿಸಲು ಹೇಳಿ. ಅದೂ ಎಲೆ ಉದುರಿದ ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲಿ.