ನೋಸ್ಕ್ರಿಪ್ಟ್ ಆ್ಯಡ್-ಆನ್: ಹಲವು ವರ್ಷಗಳ ಬಳಕೆಯ ನಂತರದ ಅಭಿಪ್ರಾಯ

ಇಟಲಿಯ ಜಾರ್ಜಿಯೊ ಮಾವೊನೆ 2005ರಲ್ಲಿ ಹೊರತಂದ, ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶವಾದ ನೋಸ್ಕ್ರಿಪ್ಟ್ ಅನ್ನು ನಾನು ಫೈರ್‌ಫಾಕ್ಸ್‌ನಲ್ಲಿ ಹಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ನಾವು ಒಪ್ಪಿಗೆ ಕೊಡುವವರೆಗೂ ಜಾಲತಾಣದ ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಕೋಡ್, ಅಂದರೆ ಸ್ಕ್ರಿಪ್ಟ್) ಓಡಕೂಡದು ಎಂಬುದೇ ಇದರ ಮೂಲ ನಿಯಮ. ಆದರೆ ಗೂಗಲ್, ಪೇಪಾಲ್ ಮೊದಲಾದ ಕೆಲವು ಹೆಸರುಗಳು ಮೊದಲೇ ನಂಬಿಕೆಯ ಪಟ್ಟಿಯಲ್ಲಿ ಸೇರಿಕೊಂಡು ಬರುವುದರಿಂದ, ಹೊಸಬರು ಮೊದಲು ಆ ಪಟ್ಟಿಯನ್ನು ತೆರೆದು ಬೇಡದ್ದನ್ನು ತೆಗೆದುಹಾಕುವುದು ಒಳ್ಳೆಯದು.

ಒಂದು ಸುದ್ದಿತಾಣವನ್ನು ತೆರೆದು ನೋಸ್ಕ್ರಿಪ್ಟ್ ಗುಂಡಿಯನ್ನು ಒತ್ತಿದರೆ, ಆ ಪುಟ ಯಾರ್‍ಯಾರಿಂದ ಸ್ಕ್ರಿಪ್ಟ್ ತರಿಸಿಕೊಳ್ಳಲು ಹೊರಟಿತ್ತು ಎಂಬ ಪಟ್ಟಿ ಕಾಣುತ್ತದೆ. ಮೊದಲ ಸಾಲಿನಲ್ಲಿ ಪತ್ರಿಕೆಯ ಸ್ವಂತ ಡೊಮೇನ್ (ತಾಣದ ವಿಳಾಸ), ಅದರ ಕೆಳಗೆ ಜಾಹೀರಾತು, ಓದುಗರ ಎಣಿಕೆ, ವಿಡಿಯೊ, ಕಾಮೆಂಟು ಇವುಗಳಿಗೆ ಸೇರಿದ ಹೊರಗಿನ ಡೊಮೇನ್‌ಗಳು. ಲೇಖನದ ಪಠ್ಯ ಬಹುತೇಕ ಯಾವುದಕ್ಕೂ ಅನುಮತಿ ಕೊಡದೆಯೇ ಓದಲು ಸಿಗುತ್ತದೆ. ಚಿತ್ರಗಳು ಬಾರದಿದ್ದರೆ ಪತ್ರಿಕೆಯ ಡೊಮೇನ್ ಒಂದಕ್ಕೇ ತಾತ್ಕಾಲಿಕ ಅನುಮತಿ ಕೊಟ್ಟರೆ ಹೆಚ್ಚಿನ ಸಲ ಸಾಕಾಗುತ್ತದೆ. ಒಂದು ಪುಟದೊಳಗೆ ಇನ್ನೂ ಯಾರೆಲ್ಲ ಇದ್ದಾರೆ ಎಂದು ಓದುಗನಿಗೆ ತೋರಿಸಿ ತೀರ್ಮಾನವನ್ನು ಅವನಿಗೇ ಬಿಡುವ ಈ ಗುಣಕ್ಕಾಗಿಯೇ ನಾನು ಇದನ್ನು ಬಿಟ್ಟಿಲ್ಲ.

ಇದು ಅತಿಯಾದ ಎಚ್ಚರಿಕೆ ಎನ್ನುವವರು ಎರಡು ಘಟನೆಗಳನ್ನು ಗಮನಿಸಬೇಕು. 2018ರ ಫೆಬ್ರವರಿಯಲ್ಲಿ, ಪುಟವನ್ನು ಓದಿ ಹೇಳುವ ಬ್ರೌಸ್‌ಅಲೌಡ್ ಎಂಬ ಸ್ಕ್ರಿಪ್ಟಿನೊಳಗೆ ಯಾರೋ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯ ಕೋಡ್ ಸೇರಿಸಿದಾಗ, ಅದನ್ನು ಬಳಸುತ್ತಿದ್ದ ಬ್ರಿಟನ್ನಿನ ಸರ್ಕಾರಿ ತಾಣಗಳೂ ಭೇಟಿ ಕೊಟ್ಟವರ ಕಂಪ್ಯೂಟರನ್ನು ದುಡಿಸಿಕೊಂಡವು. 2024ರ ಜೂನ್‌ನಲ್ಲಿ ಹಳೆಯ ಬ್ರೌಸರುಗಳಿಗೆ ನೆರವಾಗುವ ಸ್ಕ್ರಿಪ್ಟ್ ಒದಗಿಸುತ್ತಿದ್ದ ಪಾಲಿಫಿಲ್ ಡೊಮೇನ್ ಕೈ ಬದಲಾಗಿ ದುರುದ್ದೇಶದ ಕೋಡ್ ಹಂಚುತ್ತಿರುವುದು ಬೆಳಕಿಗೆ ಬಂದಾಗ, ಒಂದು ಲಕ್ಷಕ್ಕೂ ಹೆಚ್ಚು ತಾಣಗಳು ಅದನ್ನು ಅವಲಂಬಿಸಿದ್ದವು. ಎರಡರಲ್ಲೂ ಭೇಟಿ ಕೊಟ್ಟ ತಾಣ ನಂಬಲರ್ಹವೇ ಆಗಿತ್ತು; ಕೇಡು ಬಂದದ್ದು ಅದು ಕರೆಸಿಕೊಂಡ ಮೂರನೆಯವರಿಂದ.

ತೊಂದರೆಗಳೂ ಇವೆ, ಅವುಗಳಲ್ಲಿ ದೊಡ್ಡದು ಹಣ ಪಾವತಿ. ಅಂಗಡಿಯ ತಾಣದಿಂದ ಪಾವತಿ ಸೇವೆಗೆ, ಅಲ್ಲಿಂದ ಬ್ಯಾಂಕಿನ ಒಟಿಪಿ ಪುಟಕ್ಕೆ ಹೋಗುವಾಗ ಪ್ರತಿ ಹಂತದಲ್ಲೂ ಹೊಸ ಡೊಮೇನ್ ಎದುರಾಗುತ್ತದೆ. ಅನುಮತಿ ಕೊಟ್ಟರೆ ಪುಟ ಮತ್ತೆ ಲೋಡ್ ಆಗುತ್ತದೆ, ನಡುದಾರಿಯಲ್ಲಿ ಹಾಗಾದರೆ ವ್ಯವಹಾರವೇ ಕಡಿದುಹೋಗಬಹುದು. ಆದ್ದರಿಂದ ಪಾವತಿಗೆಂದೇ, ಬೇರೆ ಯಾವ ತಾಣವನ್ನೂ ತೆರೆಯದ ಪ್ರತ್ಯೇಕ ಫೈರ್‌ಫಾಕ್ಸ್ ಪ್ರೊಫೈಲ್ (ತನ್ನದೇ ಆ್ಯಡ್-ಆನ್ ಮತ್ತು ಸೆಟ್ಟಿಂಗ್ ಇರುವ ಬೇರೆ ಬಳಕೆ) ಇಟ್ಟುಕೊಂಡಿದ್ದೇನೆ. ಇನ್ನೊಂದು ಕೊರತೆಯೆಂದರೆ, ಒಮ್ಮೆ ನಂಬಿದ ಡೊಮೇನ್ ಎಲ್ಲ ತಾಣಗಳಲ್ಲೂ ನಂಬಿಕೆ ಪಡೆಯುತ್ತದೆ. ಕಸ್ಟಮ್ ಆಯ್ಕೆಯಲ್ಲಿ ಅನುಮತಿಯನ್ನು ನಿರ್ದಿಷ್ಟ ತಾಣಕ್ಕೆ ಸೀಮಿತಗೊಳಿಸಬಹುದಾದರೂ ಅದು ಸುಲಭವಾಗಿ ಕೈಗೆ ಸಿಗುವಂತಿಲ್ಲ. ಈ ಕೆಲಸವನ್ನು ಯುಮ್ಯಾಟ್ರಿಕ್ಸ್ ಎಂಬ ಇನ್ನೊಂದು ಆ್ಯಡ್-ಆನ್ ಬಹಳ ಸೊಗಸಾಗಿ ಮಾಡುತ್ತಿತ್ತು. 2020ರಲ್ಲಿ ಅದರ ಅಭಿವೃದ್ಧಿ ನಿಂತದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಮನೆಯ ಹಿರಿಯರ ಕಂಪ್ಯೂಟರಿಗೆ ನಾನು ನೋಸ್ಕ್ರಿಪ್ಟ್ ಹಾಕಿಕೊಡುವುದಿಲ್ಲ. ಅಲ್ಲಿಗೆ ಜಾಹೀರಾತು ಮತ್ತು ಜಾಡು ಹಿಡಿಯುವ ಕೋಡ್ ತಡೆಯುವ ಯುಬ್ಲಾಕ್ ಒರಿಜಿನ್ ಆ್ಯಡ್-ಆನ್ ಸಾಕು. ಸಿದ್ಧ ಪಟ್ಟಿಗಳ ಆಧಾರದಲ್ಲಿ ಅದು ತಾನಾಗಿಯೇ ಕೆಲಸ ಮಾಡುತ್ತದೆ. ಸ್ವಲ್ಪ ಶ್ರಮಪಡಲು ಸಿದ್ಧರಿರುವವರು ಅದರಲ್ಲೇ ಹೊರಗಿನ ಸ್ಕ್ರಿಪ್ಟ್ ಮತ್ತು ಫ್ರೇಮ್‌ಗಳನ್ನಷ್ಟೇ (ಪುಟದೊಳಗೆ ಕೂರಿಸಿದ ಬೇರೆ ಪುಟಗಳು) ತಡೆಯುವ ಮಧ್ಯಮ ಕ್ರಮವನ್ನು ಆರಿಸಿಕೊಳ್ಳಬಹುದು. ಆದರೆ ಕ್ರೋಮ್ ಬ್ರೌಸರ್, ಆ್ಯಡ್-ಆನ್‌ಗಳ ಶಕ್ತಿಯನ್ನು ಮಿತಿಗೊಳಿಸುವ ಮ್ಯಾನಿಫೆಸ್ಟ್ ವಿ3 ನಿಯಮಗಳಿಗೆ ಬದಲಾದ ಮೇಲೆ ಅಲ್ಲಿ ಉಳಿದಿರುವುದು ಯುಬ್ಲಾಕ್ ಒರಿಜಿನ್‌ನ ಸಾಮರ್ಥ್ಯ ಕಡಿಮೆಯಿರುವ ಲೈಟ್ ಆವೃತ್ತಿ ಮಾತ್ರ. ಆದ್ದರಿಂದ ಈ ಹಿಡಿತ ಬೇಕೆನ್ನುವವರಿಗೆ ಫೈರ್‌ಫಾಕ್ಸ್ ಅನ್ನೇ ಸೂಚಿಸುತ್ತೇನೆ. ಅದರ ಆಂಡ್ರಾಯ್ಡ್ ಆವೃತ್ತಿಯಲ್ಲೂ ನೋಸ್ಕ್ರಿಪ್ಟ್, ಯುಬ್ಲಾಕ್ ಒರಿಜಿನ್ ಎರಡೂ ಲಭ್ಯವಿವೆ.